ನಾಗಸ್ವರಕ್ಕೆ ಹೊಸ ಉಸಿರು ನೀಡಿದ ರಾಜರತ್ನಂ ಪಿಳ್ಳೆ

ಅಜ್ಜೀಪುರ, ರಾಮಾಪುರಗಳನ್ನೊಳಗೊಂಡ ಹನೂರು ಸೀಮೆಯ ಕಾವೇರಿ ಕಣಿವೆಯಲ್ಲಿ ಕಮರ ಎಂಬ ಮರ ಬೆಳೆಯುತ್ತದೆ. ಮಳೆ ಕಡಿಮೆಯಾದ ಕಲ್ಲುನೆಲದಲ್ಲೂ ನೆಲೆನಿಲ್ಲುವ ಈ ಮರದ ಒಳತಿರುಳು ಕಬ್ಬಿಣದಷ್ಟು ಗಟ್ಟಿ. ಇದನ್ನೇ ತಮಿಳರು ಆಚಾ ಮರವೆನ್ನುತ್ತಾರೆ. ದೇವಾಲಯಗಳ ಉತ್ಸವಕ್ಕೂ ಮನೆಗಳ ಮದುವೆಗೂ ಮಂಗಳ ತರುವ ನಾಗಸ್ವರ ರೂಪುಗೊಳ್ಳುವುದು ಇದೇ ಜಾತಿಯ ಮರದಿಂದ. ಆ ವಾದ್ಯಕ್ಕೆ ಇಂದಿನ ಸ್ವರೂಪವನ್ನೂ, ಅದನ್ನು ನುಡಿಸುವವರಿಗೆ ಇಂದಿನ ಗೌರವವನ್ನೂ ದೊರಕಿಸಿಕೊಟ್ಟವರಲ್ಲಿ ಅಗ್ರಗಣ್ಯರು ತಿರುವಾವಡುದುರೈ ಟಿ.ಎನ್. ರಾಜರತ್ನಂ ಪಿಳ್ಳೆ.

ರಾಜರತ್ನಂ ಹುಟ್ಟಿದ್ದು 1898ರ ಆಗಸ್ಟ್ 27ರಂದು, ತಂಜಾವೂರು ಸೀಮೆಯ ತಿರುಮರುಗಲ್ ಗ್ರಾಮದಲ್ಲಿ. ತಂದೆ ಕುಪ್ಪುಸ್ವಾಮಿ ಪಿಳ್ಳೆ, ತಾಯಿ ಗೋವಿಂದಮ್ಮಾಳ್. ಹೆತ್ತವರು ಇಟ್ಟ ಹೆಸರು ಬಾಲಸುಬ್ರಹ್ಮಣ್ಯಂ. ಸೋದರಮಾವ ತಿರುಮರುಗಲ್ ನಟೇಶ ಪಿಳ್ಳೆ ತಿರುವಾವಡುದುರೈ ಶೈವ ಮಠದ ನಾಗಸ್ವರ ವಿದ್ವಾಂಸರಾಗಿದ್ದರು. ಹುಡುಗ ಬೆಳೆದದ್ದು ಆ ಮಠದ ನೆರಳಿನಲ್ಲಿ. ರಾಜರತ್ನಂ ಎಂಬ ಹೆಸರು ಬಂದದ್ದೂ ಅಲ್ಲಿಯೇ. ಮಾವನ ಊರು ಮತ್ತು ಹೆಸರನ್ನು ಅವರು ಟಿ.ಎನ್. ಎಂಬ ಅಕ್ಷರಗಳಲ್ಲಿ ಜೀವನಪೂರ್ತಿ ಹೊತ್ತುಕೊಂಡರು.

ಅವರ ಮೊದಲ ಶಿಕ್ಷಣ ಕೊಳವೆಯದಲ್ಲ, ಕಂಠದ್ದು. ಹೆಸರಾಂತ ಪಿಟೀಲು ವಿದ್ವಾಂಸ ತಿರುಕ್ಕೋಡಿಕಾವಲ್ ಕೃಷ್ಣ ಅಯ್ಯರ್ ಅವರಲ್ಲಿ ಬಾಲಕ ಹಾಡುಗಾರಿಕೆ ಕಲಿತ. ಅನಂತರವೇ ಅಮ್ಮಾಚತ್ರಂ ಕಣ್ಣುಸ್ವಾಮಿ ಪಿಳ್ಳೆಯವರಲ್ಲಿ ನಾಗಸ್ವರದ ಅಭ್ಯಾಸ. ಮುಂದೆ ಅವರ ವಾದನದಲ್ಲಿ ಕೇಳುಗರು ಗುರುತಿಸಿದ ಗಾಯನದ ಗುಣಕ್ಕೆ ಈ ಅನುಕ್ರಮವೇ ತಳಹದಿಯಾಯಿತು.

ಸೀವಾಳಿಯ ಒಳಗುಟ್ಟು

ರಾಜರತ್ನಂ ಅವರ ಸಾಧನೆಯನ್ನು ಅರಿಯಬೇಕಾದರೆ ವಾದ್ಯದ ಸ್ವಭಾವವನ್ನು ಕೊಂಚ ತಿಳಿಯಬೇಕು. ನಾಗಸ್ವರದ ತುದಿಗೆ ಸಿಕ್ಕಿಸುವ ಸೀವಾಳಿ ಜೊಂಡಿನಿಂದ ಮಾಡಿದ ಜೋಡಿ ನಾಲಿಗೆ. ವಾದಕ ಊದಿದಾಗ ಈ ಎರಡು ನಾಲಿಗೆಗಳು ಸೆಕೆಂಡಿಗೆ ನೂರಾರು ಸಲ ಮುಚ್ಚಿ ತೆರೆಯುತ್ತವೆ. ಎಷ್ಟು ಸಲ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಕೊಳವೆಯೊಳಗಿನ ಗಾಳಿಯ ಕಂಬ. ತೆರೆದ ರಂಧ್ರದವರೆಗೆ ಹೋಗಿ ಹಿಂತಿರುಗುವ ಅಲೆ ಸೀವಾಳಿಯನ್ನು ತನ್ನ ಲಯಕ್ಕೆ ಒಗ್ಗಿಸಿಕೊಳ್ಳುತ್ತದೆ. ಕೊಳವೆ ಉದ್ದವಾದರೆ ಶ್ರುತಿ ಇಳಿಯುತ್ತದೆ, ಗಿಡ್ಡವಾದರೆ ಏರುತ್ತದೆ.

ಕೊಳವೆಯ ಆಕಾರಕ್ಕೂ ಮಹತ್ವವಿದೆ. ಕ್ಲಾರಿನೆಟ್ಟಿನ ಒಳಕೊರೆತ ಬಹುಮಟ್ಟಿಗೆ ಒಂದೇ ಅಗಲದ್ದು. ಬಲವಾಗಿ ಊದಿದರೆ ಅದು ಮೇಲಿನ ಸ್ಥಾಯಿಯ ಷಡ್ಜವನ್ನು ದಾಟಿ ಪಂಚಮಕ್ಕೆ ಜಿಗಿಯುತ್ತದೆ. ನಾಗಸ್ವರದ ಕೊರೆತ ಬಾಯಿಂದ ಬುಡದವರೆಗೆ ಅಗಲವಾಗುತ್ತ ಸಾಗುವ ಶಂಕುವಿನಂಥದು. ಹೀಗಾಗಿ ಬಲವಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳಿಸುತ್ತದೆ. ಷಹನಾಯಿ, ಓಬೋಗಳ ಗುಣವೂ ಇದೇ. ಸ್ಯಾಕ್ಸೊಫೋನಿನಲ್ಲಿ ನಾಲಿಗೆ ಒಂದೇ ಆದರೂ ಕೊಳವೆ ಶಂಕುವಿನಾಕಾರದ್ದೇ. ಶಂಕುವಿನ ನಾದದಲ್ಲಿ ಎಲ್ಲ ಉಪಸ್ವರಗಳೂ ತುಂಬಿರುತ್ತವೆ. ಮನುಷ್ಯನ ಕಿವಿಗೆ ಅತಿ ಸೂಕ್ಷ್ಮವಾದ ಎತ್ತರದ ಕಂಪನಗಳಲ್ಲಿ ಸೀವಾಳಿಯ ಶಕ್ತಿ ಹೇರಳ. ಧ್ವನಿವರ್ಧಕವಿಲ್ಲದ ಕಾಲದಲ್ಲೂ ರಥಬೀದಿಯ ಆ ತುದಿಗೆ ನಾದ ತಲುಪುತ್ತಿದ್ದುದಕ್ಕೆ ಇದೇ ಕಾರಣ.

ನಾಗಸ್ವರದಲ್ಲಿ ಬೆರಳಿಗೆ ದಕ್ಕುವ ರಂಧ್ರಗಳು ಏಳು. ಕೆಳಗಿನ ಐದು ರಂಧ್ರಗಳು ಶ್ರುತಿ ಹೊಂದಿಸಲು ಇರುವಂಥವು. ಬೇಕಾದಲ್ಲಿ ಅವನ್ನು ಮೇಣದಿಂದ ಮುಚ್ಚುವುದುಂಟು. ಏಳು ರಂಧ್ರಗಳಿಂದ ಹನ್ನೆರಡು ಸ್ವರಸ್ಥಾನಗಳನ್ನೂ, ಅವುಗಳ ನಡುವಿನ ಗಮಕಗಳನ್ನೂ ಹೊರಡಿಸುವ ಹೊಣೆ ವಾದಕನದು. ಬೆರಳನ್ನು ಅರೆ ಸರಿಸಿದರೆ ಗಾಳಿಕಂಬದ ಉದ್ದ ತುಸು ಬದಲಾದಂತಾಗಿ ಸ್ವರ ಜಾರುತ್ತದೆ. ತುಟಿ ಬಿಗಿಹಿಡಿದರೆ ನಾಲಿಗೆಗಳ ನಡುವಿನ ಸಂದು ಕಿರಿದಾಗಿ ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಉಸಿರಿನ ಒತ್ತಡವೂ ಇದೇ ಕೆಲಸಕ್ಕೆ ಒದಗುತ್ತದೆ. ಈ ಮೂರನ್ನೂ ಕ್ಷಣಕ್ಷಣಕ್ಕೆ ಒಂದಾಗಿ ನಡೆಸುವುದೇ ನಾಗಸ್ವರ ವಾದನ.

ತಿಮಿರಿಯಿಂದ ಬಾರಿಯವರೆಗೆ

ರಾಜರತ್ನಂ ರಂಗಕ್ಕೆ ಬಂದ ಕಾಲದಲ್ಲಿ ಪ್ರಚಲಿತವಿದ್ದದ್ದು ತಿಮಿರಿ ನಾಗಸ್ವರ. ಅದು ಗಿಡ್ಡ, ಶ್ರುತಿ ನಾಲ್ಕರಿಂದ ಐದು ಮನೆಯಷ್ಟು ಎತ್ತರ. ಬಯಲಿನ ಮೆರವಣಿಗೆಗೆ ಹೇಳಿ ಮಾಡಿಸಿದ ವಾದ್ಯ. ಆದರೆ ಅದರಲ್ಲಿ ಶುದ್ಧ ಮಧ್ಯಮ ತನ್ನ ಸ್ಥಾನದಲ್ಲಿ ನಿಖರವಾಗಿ ನಿಲ್ಲುತ್ತಿರಲಿಲ್ಲ. ವಾದಕ ಪ್ರತಿಬಾರಿಯೂ ಬೆರಳು ಮತ್ತು ಉಸಿರಿನಿಂದ ಅದನ್ನು ಸರಿಪಡಿಸಿಕೊಳ್ಳಬೇಕಿತ್ತು. ಶೀಘ್ರಗತಿಯ ಸಂಚಾರದಲ್ಲಿ ಈ ಕೊರತೆ ಮರೆಯಾಗಬಹುದು. ರಾಗವನ್ನು ಗಂಟೆಗಟ್ಟಲೆ ವಿಳಂಬದಲ್ಲಿ ಹರಡುವವನಿಗೆ ಅದು ನಿತ್ಯದ ತೊಡಕು. ಗಾಯನವನ್ನೇ ಆದರ್ಶವಾಗಿಟ್ಟುಕೊಂಡಿದ್ದ ರಾಜರತ್ನಂ ಅವರಿಗೆ ಇದು ಸಹ್ಯವಾಗಲಿಲ್ಲ.

ತಿರುವಾವಡುದುರೈಗೆ ಸಮೀಪದ ನರಸಿಂಗಂಪೇಟೆ ನಾಗಸ್ವರ ತಯಾರಕರ ಊರು. ಅಲ್ಲಿನ ನಿಪುಣ ಕುಶಲಕರ್ಮಿ ರಂಗನಾಥನ್ ಆಚಾರಿ ಅವರೊಡನೆ ರಾಜರತ್ನಂ ಹೊಸ ವಾದ್ಯದ ಪ್ರಯೋಗಕ್ಕೆ ಇಳಿದರು. 1930ರ ದಶಕದಲ್ಲಿ ಇದರ ಫಲವಾಗಿ ರೂಪುಗೊಂಡದ್ದೇ ಬಾರಿ ನಾಗಸ್ವರ. ಉದ್ದ ಹೆಚ್ಚಿತು, ಶ್ರುತಿ ಎರಡು, ಎರಡೂವರೆ ಮನೆಗೆ ಇಳಿಯಿತು, ಶುದ್ಧ ಮಧ್ಯಮ ತನ್ನ ನೆಲೆಯಲ್ಲಿ ನಿಂತಿತು.

ಇದು ಕೇವಲ ಮರವನ್ನು ಉದ್ದ ಮಾಡಿದ ಕೆಲಸವಲ್ಲ. ಐದು ಮನೆಯಿಂದ ಎರಡು ಮನೆಗೆ ಇಳಿಯಬೇಕಾದರೆ ಕಂಪನಗಳ ಸಂಖ್ಯೆ ನಾಲ್ಕು ಪಾಲಿನಿಂದ ಮೂರು ಪಾಲಿಗೆ ತಗ್ಗಬೇಕು. ಅಂದರೆ ಗಾಳಿಕಂಬ ಹೆಚ್ಚುಕಡಿಮೆ ಮೂರನೇ ಒಂದರಷ್ಟು ನೀಳವಾಗಬೇಕು. ಆಗ ರಂಧ್ರಗಳ ನಡುವಿನ ಅಂತರವೂ ಹಿಗ್ಗಿ ಬೆರಳುಗಳು ಹೆಚ್ಚು ಚಾಚಬೇಕಾಗುತ್ತದೆ. ಉಸಿರಿನ ಬೇಡಿಕೆಯೂ ಏರುತ್ತದೆ. ಒಳಕೊರೆತದ ಇಳಿಜಾರಿನಲ್ಲಾಗಲೀ ರಂಧ್ರದ ಸ್ಥಾನದಲ್ಲಾಗಲೀ ಸ್ವಲ್ಪ ಎಡವಿದರೂ ಎರಡು ಸ್ಥಾಯಿಗಳು ಪರಸ್ಪರ ಹೊಂದುವುದಿಲ್ಲ. ಆಚಾರಿಯ ಕೈಯೂ ವಾದಕನ ಕಿವಿಯೂ ಒಟ್ಟಾಗಿ ದುಡಿದಾಗ ಮಾತ್ರ ಸಾಧ್ಯವಾಗುವ ಕಾರ್ಯವಿದು. ಗಟ್ಟಿಯಾಗಿ ಒಣಗಿದ, ಹಳೆಯ ಮನೆಗಳಿಂದ ತೆಗೆದ ಆಚಾ ಮರವನ್ನೇ ತಯಾರಕರು ಹುಡುಕುವುದೂ ಕೊರೆತ ಮುಂದೆ ಬಾಗಬಾರದು, ಬಿರಿಯಬಾರದು ಎಂಬ ಕಾರಣಕ್ಕೆ. ನರಸಿಂಗಂಪೇಟೆಯ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ತೋಡಿಯ ಚಕ್ರವರ್ತಿ

ರಾಜರತ್ನಂ ಹೆಸರಿನೊಡನೆ ಬೆಸೆದುಕೊಂಡ ರಾಗ ತೋಡಿ. ಅದರ ಜೀವ ಗಾಂಧಾರದ ತೂಗಾಟದಲ್ಲಿದೆ. ಆ ಗಾಂಧಾರ ಒಂದೆಡೆ ನಿಲ್ಲದೆ ಶುದ್ಧ ಮಧ್ಯಮದತ್ತ ಏರಿ ಮರಳುತ್ತದೆ. ಮಧ್ಯಮದ ನೆಲೆ ತಪ್ಪಿದರೆ ಗಾಂಧಾರದ ತೂಗಾಟವೂ ಕೆಡುತ್ತದೆ. ವಾದ್ಯದ ಸುಧಾರಣೆಗೂ ತೋಡಿಯ ಪ್ರಭಾವಕ್ಕೂ ನಡುವೆ ಇರುವ ನಂಟು ಇಲ್ಲಿ ಸ್ಪಷ್ಟವಾಗುತ್ತದೆ. ಉತ್ಸವದ ರಾತ್ರಿಗಳಲ್ಲಿ ಅವರು ಗಂಟೆಗಟ್ಟಲೆ ಹರಡುತ್ತಿದ್ದ ಆಲಾಪನೆ ಗಾಯಕರಿಗೂ ಮಾದರಿಯಾಯಿತು. ನೀಡಾಮಂಗಲಂ ಮೀನಾಕ್ಷಿಸುಂದರಂ ಪಿಳ್ಳೆಯವರಂಥ ದಿಗ್ಗಜರು ಅವರಿಗೆ ತವಿಲ್ ನುಡಿಸಿದರು. ಜನ ಅವರನ್ನು ನಾಗಸ್ವರ ಚಕ್ರವರ್ತಿಯೆಂದು ಕರೆದರು.

ಗ್ರಾಮಫೋನ್ ತಟ್ಟೆಗಳೂ ಬಾನುಲಿಯೂ ಈ ನಾದವನ್ನು ದೇವಾಲಯದ ಪ್ರಾಕಾರದಾಚೆಗೆ ಕೊಂಡೊಯ್ದವು. ಮದ್ರಾಸ್ ಬಾನುಲಿ ನಿಲಯ 1938ರಲ್ಲಿ, ತಿರುಚಿನಾಪಳ್ಳಿಯದು 1939ರಲ್ಲಿ ಆರಂಭಗೊಂಡವು. ಆಗ ಅಜ್ಜೀಪುರ, ಹನೂರುಗಳನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡದ ಈ ಸೀಮೆಗೂ ಕಾವೇರಿಯ ಕೆಳದಂಡೆಯ ಆ ಸಂಗೀತ ಸೀಮೆಗೂ ಆಡಳಿತದ ಗಡಿ ಇರಲಿಲ್ಲ. 1940ರಲ್ಲಿ ಎಲ್ಲಿಸ್ ಡಂಗನ್ ನಿರ್ದೇಶಿಸಿದ ಕಾಳಮೇಘಂ ಚಿತ್ರದಲ್ಲಿ ರಾಜರತ್ನಂ ಕವಿಯ ಪಾತ್ರವನ್ನೂ ವಹಿಸಿದರು.

ಗೌರವಕ್ಕಾಗಿ ನಡೆದ ಹೋರಾಟ

ನಾಗಸ್ವರವಿಲ್ಲದೆ ದೇವರ ಉತ್ಸವ ನಡೆಯದು. ಆದರೂ ಅದನ್ನು ನುಡಿಸುವ ಕುಲದವರಿಗೆ ಸಭೆಯಲ್ಲಿ ಸಮಾನ ಸ್ಥಾನವಿರಲಿಲ್ಲ. ಗಾಯಕರು ವೇದಿಕೆಯ ಮೇಲೆ ಕುಳಿತು ಹಾಡುತ್ತಿದ್ದರೆ, ನಾಗಸ್ವರದವರು ಬರಿಮೈಯಲ್ಲಿ, ಹೆಗಲವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತು, ಇಲ್ಲವೇ ನಡೆಯುತ್ತ ನುಡಿಸಬೇಕಿತ್ತು. ರಾಜರತ್ನಂ ಈ ಕಟ್ಟಳೆಯನ್ನು ಒಪ್ಪಲಿಲ್ಲ. ತಲೆಗೂದಲನ್ನು ಕತ್ತರಿಸಿಕೊಂಡರು, ರೇಷ್ಮೆಯ ಅಂಗಿ, ಕೋಟು ತೊಟ್ಟರು, ವೇದಿಕೆಯ ಮೇಲೆ ಕುಳಿತು ಕಛೇರಿ ನಡೆಸುವ ಹಕ್ಕನ್ನು ಪಟ್ಟುಹಿಡಿದು ಪಡೆದರು. ಅವರ ಹಠವನ್ನು ಅಹಂಕಾರವೆಂದು ಕರೆದವರಿಗೇನೂ ಕೊರತೆಯಿರಲಿಲ್ಲ. ಅದರ ಲಾಭ ಮಾತ್ರ ಅವರೊಬ್ಬರಿಗೆ ಸೀಮಿತವಾಗದೆ ಇಡೀ ಸಮುದಾಯಕ್ಕೆ ದಕ್ಕಿತು.

ಇಲ್ಲಿಯೂ ವಾದ್ಯದ ಬದಲಾವಣೆ ನೆರವಿಗೆ ಬಂದಿತು. ತಾರಕದ ತಿಮಿರಿ ಬೀದಿಗೆ ಸರಿ, ಸಭಾಂಗಣದ ನಾಲ್ಕು ಗೋಡೆಗಳ ನಡುವೆ ಅದು ಕಿವಿಗೆ ತೀಕ್ಷ್ಣ. ಬಾರಿಯ ತಗ್ಗಿದ, ದುಂಡನೆಯ ನಾದ ಕುಳಿತು ಕೇಳುವ ಶ್ರೋತೃಗಳಿಗೆ ಹಿತವಾಯಿತು.

1947ರ ಆಗಸ್ಟ್ 14ರಂದು ತಿರುವಾವಡುದುರೈ ಮಠದ ನಿಯೋಗ ದೆಹಲಿಯಲ್ಲಿ ಜವಾಹರಲಾಲ್ ನೆಹರು ಅವರಿಗೆ ಸೆಂಗೋಲ್ ಅರ್ಪಿಸಿದಾಗ ನಾಗಸ್ವರ ನುಡಿಸಿದವರು ರಾಜರತ್ನಂ. ಅದೇ ರಾಜದಂಡವನ್ನು 2023ರ ಮೇ ತಿಂಗಳಲ್ಲಿ ಹೊಸ ಸಂಸತ್ ಭವನದಲ್ಲಿ ಸ್ಥಾಪಿಸಲಾಯಿತು. ಬೀದಿಯಲ್ಲಿ ನಿಂತು ನುಡಿಸಬೇಕಾಗಿದ್ದ ಕುಲದ ಕಲಾವಿದ ಸ್ವಾತಂತ್ರ್ಯದ ಮುಂಜಾವಿಗೆ ಮಂಗಳವಾದ್ಯ ನುಡಿಸಿದ್ದು ಸಣ್ಣ ಸಂಗತಿಯಲ್ಲ.

ಉಳಿದ ಪರಂಪರೆ

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಅದಾಗಿ ಆರು ವಾರಗಳೊಳಗೆ, ಡಿಸೆಂಬರ್ 12ರಂದು ಮದ್ರಾಸಿನಲ್ಲಿ ರಾಜರತ್ನಂ ನಿಧನರಾದರು. ಆಗ ಅವರಿಗೆ 58 ವರ್ಷ. ಶಿಷ್ಯ ಕಾರುಕುರಿಚ್ಚಿ ಅರುಣಾಚಲಂ ಬಾರಿ ನಾಗಸ್ವರದ ಕೀರ್ತಿಯನ್ನು ಮುಂದುವರಿಸಿದರು. 1962ರ ಕೊಂಜುಂ ಸಲಂಗೈ ಚಿತ್ರದಲ್ಲಿ ಎಸ್. ಜಾನಕಿಯವರ ಕಂಠಕ್ಕೆ ಸರಿಸಾಟಿಯಾಗಿ ಅವರು ನುಡಿಸಿದ ನಾಗಸ್ವರ ದಕ್ಷಿಣ ಭಾರತದಾದ್ಯಂತ ಮನೆಮಾತಾಯಿತು. ಕನ್ನಡಿಗರಿಗೆ 1977ರ ಸನಾದಿ ಅಪ್ಪಣ್ಣ ಚಿತ್ರಕ್ಕಾಗಿ ಬಿಸ್ಮಿಲ್ಲಾ ಖಾನ್ ನುಡಿಸಿದ ಷಹನಾಯಿ ಹೇಗೋ, ತಮಿಳರಿಗೆ ಅದು ಹಾಗೆ.

ಕೊಳವೆಯನ್ನು ಕಂಠವಾಗಿಸುವ ಈ ಹಂಬಲ ಕರ್ನಾಟಕದಲ್ಲಿ ಮತ್ತೊಂದು ರೂಪ ತಾಳಿತು. ಬಂಟ್ವಾಳದ ಸಜೀಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥ್ ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಅವರು ಗಮಕಕ್ಕೆ ಒಗ್ಗುವಂತೆ ಅದನ್ನು ಮಾರ್ಪಡಿಸಿಕೊಂಡು, 2019ರಲ್ಲಿ ನಿಧನರಾಗುವವರೆಗೂ ಜಗತ್ತಿನಾದ್ಯಂತ ಕರ್ನಾಟಕ ಸಂಗೀತವನ್ನು ಕೇಳಿಸಿದರು.

ವಿಜ್ಞಾನವೂ ಈ ದಾರಿಯಲ್ಲಿ ಸಾಗಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಯಾಕ್ಸೊಫೋನ್ ವಾದಕರ ಬಾಯೊಳಗಿನ ಅನುರಣನವನ್ನು ಅಳೆದರು. ಅತ್ಯುಚ್ಚ ಸ್ವರಗಳನ್ನು ನುಡಿಸುವಾಗ ನುರಿತವರು ಬಾಯಿ, ಗಂಟಲಿನ ಆಕಾರವನ್ನು ಆ ಸ್ವರಕ್ಕೆ ಹೊಂದಿಸಿಕೊಳ್ಳುತ್ತಾರೆ, ಹೊಸಬರಿಗೆ ಅದು ಸಾಧಿಸದು ಎಂದು ಅವರು ಕಂಡುಕೊಂಡರು. ವಾದ್ಯ ತುಟಿಯ ಬಳಿ ಕೊನೆಗೊಳ್ಳುವುದಿಲ್ಲ, ವಾದಕನ ಗಂಟಲೂ ಅದರ ಭಾಗವೇ ಎಂಬುದು ಇದರ ತಾತ್ಪರ್ಯ.

ಕೊಳವೆ ಹಿಡಿಯುವ ಮುನ್ನ ಹಾಡಲು ಕಲಿತ ರಾಜರತ್ನಂ ಅವರ ಬದುಕಿಗೆ ಈ ಮಾತು ಬಹಳ ಹತ್ತಿರ. ಇಂದು ಸಂಗೀತ ಸಭೆಗಳಲ್ಲಿ ನಾಗಸ್ವರ ವಿದ್ವಾಂಸರು ವೇದಿಕೆಯ ನಡುವೆ ಕುಳಿತು ನುಡಿಸುತ್ತಾರೆ, ಕೈಯಲ್ಲಿರುವುದು ಬಹುತೇಕ ಬಾರಿ ನಾಗಸ್ವರವೇ. ಆ ಪೀಠವನ್ನೂ ಆ ವಾದ್ಯವನ್ನೂ ಅವರಿಗೆ ಗಳಿಸಿಕೊಟ್ಟವರು ತಿರುವಾವಡುದುರೈಯ ಈ ಕಲಾವಿದ.