ಬಳ್ಳಿಗಾವಿಯ ಮದ್ದಳೆಗಾರ

ಶಿರಾಳಕೊಪ್ಪದ ಮಗ್ಗುಲಲ್ಲಿರುವ ಬಳ್ಳಿಗಾವಿಯನ್ನು ಮೊದಲ ಸಲ ನೋಡಿದವರಿಗೆ ಅದೊಂದು ಸಾಧಾರಣ ಮಲೆನಾಡ ಸೆರಗಿನ ಹಳ್ಳಿಯೆಂದೇ ತೋರುತ್ತದೆ. ಹೆಂಚಿನ ಮನೆಗಳು, ಗದ್ದೆ, ಕೆರೆ. ಅವುಗಳ ನಡುವೆ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇಗುಲಗಳು. 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಗಂಡಭೇರುಂಡದ ಎತ್ತರವಾದ ಕಂಬ. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದ ಊರು ಇದೇ ಎಂದು ನಂಬುವುದಕ್ಕೆ ಶಾಸನಗಳ ನೆರವು ಬೇಕು. ಆದರೆ ಈ ಊರಿನ ದೊಡ್ಡ ಹಿರಿಮೆ ಕಲ್ಲಿನಲ್ಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಮದ್ದಳೆ ಬಾರಿಸುತ್ತಿದ್ದ ಒಬ್ಬ ತರುಣ ಮುಂದೆ ಕನ್ನಡದ ಅತ್ಯಂತ ನಿಗೂಢ ಮಾತುಗಾರನಾದನು. ಆತನೇ ಅಲ್ಲಮಪ್ರಭು.

ಅಂದಿನ ಬಳ್ಳಿಗಾವಿ ಎಂಥದಾಗಿದ್ದಿತು? ಕೇದಾರೇಶ್ವರಕ್ಕೆ ಸೇರಿದ ಕಾಳಾಮುಖರ ಕೋಡಿಯಮಠವನ್ನು ಕುರಿತ 1162ರ ಶಾಸನವು ಅದಕ್ಕೆ ಉತ್ತರ ಕೊಡುತ್ತದೆ. ವೇದ, ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗಗಳ ಅಧ್ಯಯನ ಅಲ್ಲಿ ನಡೆಯುತ್ತಿದ್ದಿತು. ಕುರುಡರಿಗೆ, ಕುಂಟರಿಗೆ, ದಿಕ್ಕಿಲ್ಲದವರಿಗೆ ಅನ್ನವಿದ್ದಿತು, ರೋಗಿಗಳಿಗೆ ಮದ್ದಿದ್ದಿತು. ಅಷ್ಟೇ ಅಲ್ಲ, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು ಕೂಡ ಆ ಮಠದ ಆಶ್ರಯಕ್ಕೆ ಅರ್ಹರಾಗಿದ್ದರು. ಬೇಲೂರಿನ ಶಿಲ್ಪಗಳಲ್ಲಿ ತನ್ನ ಹೆಸರನ್ನು ಕೊರೆದ ದಾಸೋಜನೂ ಬಳ್ಳಿಗಾವಿಯವನೇ. ವಿದ್ಯೆ ಮತ್ತು ಕಲೆ ಎರಡೂ ಬೆಲೆ ಪಡೆದಿದ್ದ ಊರು. ಕೈಚಳಕವಿದ್ದವನು ಹಸಿದು ಮಲಗಬೇಕಾಗಿರಲಿಲ್ಲ. ಇಂಥ ಊರಿನ ಕಲಾವಿದನಿಗೆ ಕೊರತೆ ಏನಿದ್ದೀತು?

ಅಲ್ಲಮನ ಕಥೆಯನ್ನು ಹೇಳಿದ ಹಿರಿಯ ಕವಿಗಳು ಇಬ್ಬರು. ಮೊದಲಿಗನು ಅವನ ಕಾಲಕ್ಕೆ ಹೆಚ್ಚು ಹತ್ತಿರದವನಾದ ಹರಿಹರ. ಆತನ ರಗಳೆಯಲ್ಲಿ ಅಲ್ಲಮನು ನಾಟ್ಯವೃತ್ತಿಯ ಮನೆಯಲ್ಲಿ ಹುಟ್ಟಿದವನು, ಮದ್ದಳೆಯಲ್ಲಿ ಎಣೆಯಿಲ್ಲದವನು. ಕಮಲತೆ ಎಂಬ ಚೆಲುವೆಯನ್ನು ಒಲಿದು ಕೈಹಿಡಿದನು. ಆ ಸುಖದಲ್ಲಿ ಹಗಲಿರುಳುಗಳ ಪರಿವೆಯೂ ಅವನಿಗಿರಲಿಲ್ಲ. ಅಷ್ಟರಲ್ಲಿ ಕಮಲತೆಗೆ ಜ್ವರ ಬಂದಿತು. ಕೆಲವೇ ದಿನಗಳಲ್ಲಿ ಅವಳು ಇಲ್ಲವಾದಳು. ಅಲ್ಲಮ ಹುಚ್ಚನಂತೆ ಅವಳ ಹೆಸರು ಹಿಡಿದು ಕರೆಯುತ್ತ ಊರು ಕೇರಿ, ಕಾಡು ಮೇಡು ಅಲೆದನು. ಒಂದು ದಿನ ಒಂದು ತೋಪಿನಲ್ಲಿ ತಲೆತಗ್ಗಿಸಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿದ್ದಾಗ ಮಣ್ಣಿನೊಳಗಿಂದ ಹೊನ್ನಿನ ಕಳಸವೊಂದು ಇಣುಕಿತು. ಅಗೆಸಿ ನೋಡಿದರೆ ಹುದುಗಿಹೋದ ಒಂದು ಗುಡಿ. ಬಾಗಿಲನ್ನು ಒದ್ದು ಒಳಹೊಕ್ಕನು. ಅಲ್ಲಿ ಅನಿಮಿಷನೆಂಬ ಯೋಗಿ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತಿದ್ದನು. ಯೋಗಿಯ ಕೈಯ ಲಿಂಗ ಅಲ್ಲಮನ ಕೈಗೆ ಬಂದಿತು. ಅದೇ ಕ್ಷಣದಲ್ಲಿ ಯೋಗಿಯ ಪ್ರಾಣ ಹೋಯಿತು. ಮಾತಿನ ಉಪದೇಶವೆಂಬುದು ನಡೆಯಲೇ ಇಲ್ಲ. ಗುಹೆಯೊಳಗಿನ ದೈವವನ್ನು ನೆನೆಯಿಸುವ ಗುಹೇಶ್ವರ ಎಂಬ ಅಂಕಿತದೊಡನೆ ಈ ಕಥೆ ಎಷ್ಟು ಸಹಜವಾಗಿ ಕೂಡಿಕೊಳ್ಳುತ್ತದೆಂಬುದನ್ನು ವಾಚಕರೇ ಗಮನಿಸಬಹುದು.

ಇನ್ನೊಬ್ಬ ಕವಿ, ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಆಳ್ವಿಕೆಯಲ್ಲಿದ್ದ ಚಾಮರಸ. ಪ್ರಭುಲಿಂಗಲೀಲೆಯ ಅಲ್ಲಮನು ಹುಟ್ಟಿನಿಂದಲೇ ನಿರ್ಲಿಪ್ತ. ಆತನನ್ನು ಸೋಲಿಸಲೆಂದು ಬನವಾಸಿಯ ಅರಸನ ಮಗಳಾಗಿ ಹುಟ್ಟಿಬಂದ ಮಾಯೆ ಕುಣಿಯುತ್ತಾಳೆ. ಅಲ್ಲಮ ಮದ್ದಳೆ ಬಾರಿಸುತ್ತಾನೆ. ಅವಳು ಸೋಲುತ್ತಾಳೆಯೇ ಹೊರತು ಅವನಲ್ಲ. ಹರಿಹರನ ಅಲ್ಲಮ ಬಿದ್ದು ಎದ್ದವನು; ಚಾಮರಸನ ಅಲ್ಲಮ ಬೀಳಲು ಬಾರದವನು.

ಚಾಮರಸನ ಕಾವ್ಯದ ಸೊಗಸಿಗೆ ನಾನು ಮಾರುಹೋದವನೇ. ವಯಸ್ಸಿನಲ್ಲಿ ನಲವತ್ತು ದಾಟಿದ ಮೇಲೆ ಮಾತ್ರ ಹರಿಹರನ ಅಲ್ಲಮನೇ ನನಗೆ ಹತ್ತಿರವಾಗುತ್ತ ಬಂದಿದ್ದಾನೆ. ಎಂದೂ ಕೆಡದವನನ್ನು ನಾವು ಪೂಜಿಸಬಹುದು; ಅವನಿಂದ ಕಲಿಯುವುದು ಕಷ್ಟ. ಕೈಯಲ್ಲಿದ್ದ ವಿದ್ಯೆಯೂ ಮನೆಯಲ್ಲಿದ್ದ ಸುಖವೂ ತನ್ನನ್ನು ಕಾಯಲಾರವೆಂದು ಒಂದೇ ಏಟಿಗೆ ಅರಿತು, ಆ ಬರಿದಾದ ನೆಲವನ್ನೇ ಕೆರೆದು ಒಳಗೆ ಗುಡಿಯಿದೆಯೆಂದು ಕಂಡುಕೊಂಡವನು ನಮ್ಮ ಬಳಗದವನು. ಹೊಸದನ್ನು ಕಟ್ಟುವುದಷ್ಟೇ ಸೃಷ್ಟಿಯಲ್ಲ. ಮುಚ್ಚಿಹೋದುದನ್ನು ಅಗೆದು ತೆಗೆಯುವುದೂ ಸೃಷ್ಟಿಯೇ.

ಹೀಗೆ ಎಚ್ಚತ್ತವನು ಒಂದೆಡೆ ಕೂರಲಿಲ್ಲ. ಶೂನ್ಯಸಂಪಾದನೆಗಳು ಅವನನ್ನು ನಾಡೆಲ್ಲ ನಡೆಸುತ್ತವೆ. ಲಕ್ಕುಂಡಿಯಲ್ಲಿ ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಮರುಗುತ್ತಿದ್ದ ಮುಕ್ತಾಯಕ್ಕನೊಡನೆ ಅವನು ಬಹಳ ಹೊತ್ತು ಸಂವಾದಿಸಿದನು. ಅವಳು ಸುಲಭವಾಗಿ ಒಪ್ಪಲಿಲ್ಲ. ಅವನೂ ಹುಸಿ ಸಮಾಧಾನ ಹೇಳಲಿಲ್ಲ. ಕಮಲತೆಯ ಹಿಂದೆ ಅಲೆದವನಿಗೆ ಅಗಲಿಕೆಯೆಂದರೇನೆಂಬುದು ಗೊತ್ತಿದ್ದಿತು.

ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನು ಕೆರೆ ಕಟ್ಟಿಸುತ್ತ ಗುಡಿ ಎತ್ತಿಸುತ್ತ ಇದ್ದನು. ಸಾವಿರಾರು ಮಂದಿಗೆ ಉಪಕಾರವಾಗುವ ಕೆಲಸ. ಅಲ್ಲಮ ಅಲ್ಲಿಗೆ ಹೋಗಿ ಸಿದ್ಧರಾಮನನ್ನು ಒಡ್ಡನೆಂದು ಕರೆದನು. ಶಿಷ್ಯರು ಕಲ್ಲು ತೂರಿದರು, ಸಿದ್ಧರಾಮನೇ ಉರಿದೆದ್ದನು, ಆ ಕೋಪದ ಬೆಂಕಿ ಅಲ್ಲಮನನ್ನು ತಟ್ಟಲಿಲ್ಲ. ಈ ಪ್ರಸಂಗವನ್ನು ಲೋಕೋಪಕಾರದ ನಿಂದೆಯೆಂದು ತಿಳಿಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕೆರೆ ಕಟ್ಟಬಾರದೆಂಬುದು ಅಲ್ಲಮನ ಮಾತಲ್ಲ. ಕಟ್ಟುವವನ ಎದೆಯಲ್ಲಿ ನಾನು ಕಟ್ಟಿದೆನೆಂಬ ಹೂಳು ತುಂಬುತ್ತಿರುವುದನ್ನು ಅವನು ತೋರಿಸಿದನು. ಒಂದು ಬಿರುನುಡಿಗೆ ಉರಿದೆದ್ದಾಗಲೇ ಸಿದ್ಧರಾಮನಿಗೆ ತನ್ನ ಕೊರತೆ ಕಂಡಿತು. ಅದನ್ನು ಕಂಡು ಒಪ್ಪಿ ಅಲ್ಲಮನೊಡನೆ ಕಲ್ಯಾಣಕ್ಕೆ ನಡೆದ ಸಿದ್ಧರಾಮನ ಹಿರಿತನವೂ ಸಣ್ಣದಲ್ಲ.

ಕಲ್ಯಾಣದಲ್ಲಿ ಬಿಜ್ಜಳನ ಆಳ್ವಿಕೆ. ಭಂಡಾರದ ಹೊಣೆ ಹೊತ್ತ ಬಸವಣ್ಣನ ಮಹಾಮನೆ. ಬಾಗಿಲಿಗೆ ಬಂದ ಅಲ್ಲಮನನ್ನು, ಪೂಜೆಯಲ್ಲಿದ್ದ ಬಸವಣ್ಣ ತಾನೇ ಎದ್ದು ಬಂದು ಎದುರುಗೊಳ್ಳಲಿಲ್ಲ. ಕರೆಯಲು ಹಡಪದ ಅಪ್ಪಣ್ಣನನ್ನು ಕಳುಹಿಸಿದನು. ಅಲ್ಲಮ ಒಳಗೆ ಬರಲಿಲ್ಲ. ಮನೆಯ ದೇವರನ್ನು ಪೂಜಿಸುತ್ತ ಬಾಗಿಲ ದೇವರನ್ನು ಕಾಯಿಸಿದ ತಪ್ಪು ಬಸವಣ್ಣನಂಥವನಿಗೂ ಆಯಿತು. ಅವನು ಅದನ್ನು ಮರೆಮಾಚದೆ ಮರುಗಿದನು. ಆ ಮೇಲೆ ಶರಣರು ಅಲ್ಲಮನನ್ನು ಶೂನ್ಯಸಿಂಹಾಸನದಲ್ಲಿ ಕೂರಿಸಿದರು. ಬಳ್ಳಿಗಾವಿಗೆ ದೂರವಲ್ಲದ ಉಡುತಡಿಯ ಮಹಾದೇವಿ ಅಲ್ಲಿಗೆ ಬಂದಾಗ, ತನ್ನ ಸೀಮೆಯವಳೆಂಬ ದಾಕ್ಷಿಣ್ಯವನ್ನು ಅಲ್ಲಮ ತೋರಿಸಲಿಲ್ಲ. ಎಲ್ಲವನ್ನೂ ಬಿಟ್ಟವಳು ಮೈಯನ್ನು ಕೂದಲಿನಿಂದ ಮರೆಸಿಕೊಂಡುದೇಕೆಂದು ಕೇಳುವಷ್ಟು ಕಠಿಣನಾದನು. ಅವಳು ಅಳುಕದೆ ಉತ್ತರ ಕೊಟ್ಟಳು. ಅವಳ ನಿಲವನ್ನು ಒಪ್ಪಿದ ಮೇಲೆ ಅವನ ಮೆಚ್ಚುಗೆಗೂ ಮಿತಿಯಿರಲಿಲ್ಲ.

ಗೋರಕ್ಷನ ಪ್ರಸಂಗವನ್ನು ಮಾತ್ರ ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ಬಿಡದೆ ಹೇಳುತ್ತೇನೆ. ಸಾಧನೆಯಿಂದ ದೇಹವನ್ನು ವಜ್ರವಾಗಿಸಿಕೊಂಡಿದ್ದ ಗೋರಕ್ಷನ ಮೈಗೆ ಕತ್ತಿ ತಾಗಿದಾಗ ಲೋಹದಂತೆ ದನಿಯಾಯಿತು, ಗಾಯವಾಗಲಿಲ್ಲ. ಅದೇ ಕತ್ತಿಯನ್ನು ಅಲ್ಲಮನತ್ತ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಹಾಯ್ದುಹೋಯಿತು. ಆತ್ಮೋನ್ನತಿಯೆಂದು ನಾವು ಕರೆಯುವುದು ಬಹುಮಟ್ಟಿಗೆ ಗೋರಕ್ಷನ ಮಾರ್ಗವೇ ಅಲ್ಲವೆ? ಪದವಿಯ ಮೇಲೆ ಪದವಿ, ಹೊಗಳಿಕೆಯ ಮೇಲೆ ಹೊಗಳಿಕೆ, ಯಾರ ಮಾತೂ ತಾಗದಂಥ ಕವಚ. ನಾವು ಗಟ್ಟಿಯಾಗುತ್ತ ಹೋಗುತ್ತೇವೆ, ಹಗುರಾಗುವುದನ್ನು ಕಲಿಯುವುದಿಲ್ಲ.

ಇದನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಲ್ಲಮನ ವಚನಗಳನ್ನು ನಾನು ಬಹುಕಾಲ ಒಂದೇ ಹಳೆಯ ಟಿಪ್ಪಣಿ ಪುಸ್ತಕದಿಂದ ಪಾಠ ಹೇಳುತ್ತ ಬಂದವನು. ಬೆಡಗಿನ ಒಂದೊಂದು ಸಂಕೇತಕ್ಕೂ ಅದರಲ್ಲಿ ಸಿದ್ಧವಾದ ಅರ್ಥವಿದ್ದಿತು. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡು ಅಂಕ ಗಳಿಸಿದರು. ಒಮ್ಮೆ ಹಿಂದಿನ ಬೆಂಚಿನ ಒಬ್ಬ ಹುಡುಗಿ, ಆ ಮೇಲೆ ಅವನ ಮದ್ದಳೆ ಏನಾಯಿತೆಂದು ಕೇಳಿದಳು. ನನ್ನ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಸಂಜೆ ಟಿಪ್ಪಣಿಯನ್ನು ಬದಿಗಿಟ್ಟು ವಚನಗಳನ್ನೇ ಗಟ್ಟಿಯಾಗಿ ಓದಿದೆನು. ಮಾತಿನ ಏರಿಳಿತ, ಹಠಾತ್ತನೆ ನಿಲ್ಲುವ ನಿಲುಗಡೆ, ಕೊನೆಯಲ್ಲಿ ಅಂಕಿತ ಬಂದು ಬೀಳುವ ಪೆಟ್ಟು: ಇವನ್ನು ಕಿವಿಯಿಂದ ಕೇಳಿದಾಗ ಮದ್ದಳೆ ಎಲ್ಲಿಯೂ ಹೋಗಿಲ್ಲವೆನ್ನಿಸಿತು. ಬಿಟ್ಟದ್ದು ವಾದ್ಯವನ್ನು, ಕೈಯಲ್ಲಿದ್ದ ಲಯ ನಾಲಗೆಗೆ ಏರಿದೆ. ಮರುದಿನ ತರಗತಿಯಲ್ಲಿ ಹಾಗೆಂದೇ ಹೇಳಿದೆನು. ಅಂದು ನಾನು ಹೇಳಿದ್ದು ಸರಿಯೋ ತಪ್ಪೋ, ನನ್ನದಂತೂ ಆಗಿದ್ದಿತು.

ಕಲ್ಯಾಣದ ಕ್ರಾಂತಿ ಮುಗಿದು ಶರಣರು ಚದುರಿದರು. ಅಲ್ಲಮನು ಶ್ರೀಶೈಲದ ಕದಳಿಯಲ್ಲಿ ಬಯಲಾದನೆಂದು ಪರಂಪರೆ ನಂಬುತ್ತದೆ. ಅವನ ಹೆಸರಿನಲ್ಲಿ 1,600ಕ್ಕೂ ಹೆಚ್ಚು ವಚನಗಳು ಉಳಿದುಬಂದಿವೆ. ಊರಿನವನೇ ಆದ ದಾಸೋಜ ಕಲ್ಲಿನಲ್ಲಿ ತನ್ನ ಹೆಸರನ್ನು ಬರೆದನು. ಅದು ಶಿಲ್ಪಿಯ ನ್ಯಾಯವಾದ ಹಕ್ಕು. ಅಲ್ಲಮ ತನ್ನ ಮಾತಿನ ಕೊನೆಯಲ್ಲಿ ಗುಹೇಶ್ವರನ ಹೆಸರನ್ನಿಟ್ಟು ತಾನು ಹಿಂದೆ ಸರಿದನು.

ಬಳ್ಳಿಗಾವಿಗೆ ಹೋಗುವ ವಿದ್ಯಾರ್ಥಿಗಳು ಕೇದಾರೇಶ್ವರವನ್ನು ಕಣ್ತುಂಬ ನೋಡಲಿ, ಶಾಸನಗಳನ್ನು ಓದಲಿ. ಬಳಿಕ ಕೆರೆಯ ದಡದಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತು ಕಾಲಡಿಯ ಮಣ್ಣನ್ನೂ ನೋಡಲಿ. ಆ ಊರಿನ ನೆಲವನ್ನು ಕೆರೆದವನೊಬ್ಬನಿಗೆ ಒಮ್ಮೆ ಕಳಸ ಕಂಡಿದ್ದಿತು.