ಜಾನ್-ಜಾಕ್ ಬಾರ್ತೆಲೆಮಿ

ಜಾನ್-ಜಾಕ್ ಬಾರ್ತೆಲೆಮಿ (ಜನವರಿ 20, 1716 – ಏಪ್ರಿಲ್ 30, 1795) ಫ್ರಾನ್ಸ್ ದೇಶದ ಭಾಷಾವಿದ್ವಾಂಸ, ನಾಣ್ಯಶಾಸ್ತ್ರಜ್ಞ ಮತ್ತು ಲೇಖಕ. ಪ್ರಾಚೀನ ಗ್ರೀಸಿನ ತತ್ತ್ವಶಾಸ್ತ್ರವನ್ನೂ ಜನಜೀವನವನ್ನೂ ತರುಣನೊಬ್ಬನ ಪ್ರವಾಸಕಥೆಯಾಗಿ ನಿರೂಪಿಸಿದ 'ಯುವ ಅನಾಕಾರ್ಸಿಸನ ಗ್ರೀಸ್ ಪ್ರವಾಸ' (1788) ಎಂಬ ಕೃತಿಯಿಂದ ಈತ ಯುರೋಪಿನಾದ್ಯಂತ ಪ್ರಸಿದ್ಧನಾದನು.

ಜೀವನ

ಈತ ಜನಿಸಿದ್ದು ಪ್ರೊವಾನ್ಸ್ ಪ್ರಾಂತ್ಯದ ಕಡಲತೀರದ ಊರಾದ ಕಾಸಿಯಲ್ಲಿ. ಮಾರ್ಸೇಯ್ ನಗರದಲ್ಲಿ ಓದಿ ಗ್ರೀಕ್, ಹೀಬ್ರೂ, ಅರಬ್ಬೀ ಭಾಷೆಗಳನ್ನು ಕಲಿತನು. ಪಾದ್ರಿಯಾಗಲು ಶಿಕ್ಷಣ ಪಡೆದರೂ ಆ ವೃತ್ತಿಯನ್ನು ಕೈಗೊಳ್ಳಲಿಲ್ಲ. 1744ರಲ್ಲಿ ಪ್ಯಾರಿಸಿಗೆ ಬಂದು ರಾಜರ ನಾಣ್ಯಸಂಗ್ರಹದಲ್ಲಿ ಕೆಲಸಕ್ಕೆ ಸೇರಿ, 1753ರಲ್ಲಿ ಅದರ ಮುಖ್ಯಸ್ಥನಾದನು. ಪಾಲ್ಮೈರಾದ ಕೆಲವು ಶಾಸನಗಳಲ್ಲಿ ಗ್ರೀಕ್ ಪಾಠವೂ ಜೊತೆಗಿದ್ದುದರಿಂದ ಎರಡನ್ನೂ ಹೋಲಿಸಿ 1754ರಲ್ಲಿ ಆ ಲಿಪಿಯನ್ನು ಓದಿದನು. 1758ರಲ್ಲಿ ಮಾಲ್ಟಾದ ಶಾಸನದ ನೆರವಿನಿಂದ ಫಿನೀಷಿಯನ್ ಲಿಪಿಯನ್ನೂ ಬಿಡಿಸಿದನು. ಕಥೆ ಬರೆಯಲು ಕುಳಿತವನು ಇಂತಹ ವಿದ್ವಾಂಸನೆಂಬುದನ್ನು ಗಮನಿಸಬೇಕು.

ಅನಾಕಾರ್ಸಿಸನ ಪ್ರವಾಸ

1757ರಲ್ಲಿ ಆರಂಭವಾದ ಈ ಕೃತಿ ಮುಗಿಯಲು ಸುಮಾರು 30 ವರ್ಷ ಹಿಡಿಯಿತು. ಇಟಲಿಯಲ್ಲಿ ಸಂಚರಿಸಿದ್ದ ಬಾರ್ತೆಲೆಮಿ ಗ್ರೀಸನ್ನು ಎಂದೂ ಕಂಡವನಲ್ಲ. ಅವನ ಗ್ರೀಸ್ ಗ್ರಂಥಗಳಲ್ಲಿದ್ದ ಗ್ರೀಸ್.

ಕಥಾನಾಯಕನು ಸಿಥಿಯಾ ದೇಶದ ತರುಣ. ಕ್ರಿ.ಪೂ. 4ನೆಯ ಶತಮಾನದಲ್ಲಿ ಅಥೆನ್ಸಿಗೆ ಬರುತ್ತಾನೆ. ಹೊರಗಿನವನಾದುದರಿಂದ ಅವನಿಗೆ ಎಲ್ಲವೂ ಹೊಸದು. ಓದುವ ಬಾಲಕನು ಕೇಳಬಹುದಾದ ಪ್ರಶ್ನೆಗಳನ್ನು ಅವನೇ ಕೇಳುತ್ತಾನೆ. ಯೂಕ್ಲಿಡ್ ಎಂಬ ಗೆಳೆಯನ (ರೇಖಾಗಣಿತದ ಯೂಕ್ಲಿಡ್ ಅಲ್ಲ) ಪುಸ್ತಕ ಭಂಡಾರದಲ್ಲಿ ಒಂದೊಂದೇ ಕಪಾಟಿನ ಮುಂದೆ ನಿಂತು ಥೇಲ್ಸ್, ಪೈಥಾಗೊರಸ್ ಮೊದಲಾದವರ ಪಂಥಗಳನ್ನು ತಿಳಿಯುತ್ತಾನೆ. ಸೂನಿಯನ್ ಭೂಶಿರದಲ್ಲಿ ಪ್ಲೇಟೋ ತನ್ನ ಶಿಷ್ಯರಿಗೆ ಜಗತ್ತಿನ ರಚನೆಯನ್ನು ವಿವರಿಸುವ ಅಧ್ಯಾಯ ಬಹಳ ಮೆಚ್ಚುಗೆ ಪಡೆಯಿತು. ರಾಜ್ಯಪದ್ಧತಿಗಳ ಕುರಿತ ಅರಿಸ್ಟಾಟಲನ ವಿಚಾರಗಳಿಗೂ ಒಂದು ಅಧ್ಯಾಯ ಮೀಸಲಾಗಿದೆ. ಮ್ಯಾಸಿಡೋನಿಯದ ಫಿಲಿಪ್ಪನಿಂದ ಗ್ರೀಕರು ಸ್ವಾತಂತ್ರ್ಯ ಕಳೆದುಕೊಂಡ ಮೇಲೆ ತರುಣನು ತಾಯ್ನಾಡಿಗೆ ಹಿಂದಿರುಗುತ್ತಾನೆ.

ಕಥೆಯಾಗಿ ನೋಡಿದರೆ ಕೃತಿ ತುಸು ಸಪ್ಪೆಯೇ. ಪಾತ್ರಗಳು ಬದುಕುವುದಕ್ಕಿಂತ ಮಾತನಾಡುವುದೇ ಹೆಚ್ಚು, ಅಡಿಟಿಪ್ಪಣಿಗಳೂ ಅಪಾರ. ಆದರೆ ಕಲ್ಪನೆ ಎಲ್ಲಿ ನಿಂತಿತು, ಆಧಾರ ಎಲ್ಲಿ ಆರಂಭವಾಯಿತು ಎಂಬುದನ್ನು ಓದುಗನು ಪರಿಶೀಲಿಸಲು ಸಾಧ್ಯವಾದುದು ಆ ಟಿಪ್ಪಣಿಗಳಿಂದಲೇ. ಕೃತಿ ಹಲವು ಭಾಷೆಗಳಿಗೆ ಅನುವಾದವಾಯಿತು; ಕಿರಿಯರಿಗಾಗಿ ಸಂಕ್ಷಿಪ್ತ ಆವೃತ್ತಿಗಳೂ ಹೊರಬಂದವು.

ಕೊನೆಯ ವರ್ಷಗಳು

1789ರಲ್ಲಿ ಬಾರ್ತೆಲೆಮಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದನು. ಅದೇ ವರ್ಷ ಆರಂಭವಾದ ಕ್ರಾಂತಿಯಲ್ಲಿ ಅವನ ವೇತನಗಳು ನಿಂತುಹೋದವು. 1793ರಲ್ಲಿ, 77ನೆಯ ವಯಸ್ಸಿನಲ್ಲಿ ಬಂಧಿತನಾದನು. ಆದರೆ ಒಂದು ದಿನ ಕಳೆಯುವ ಮುನ್ನವೇ ಬಿಡುಗಡೆಯಾಯಿತು. ಬಳಿಕ ರಾಷ್ಟ್ರೀಯ ಗ್ರಂಥಾಲಯದ ಹೊಣೆ ಹೊರುವಂತೆ ಕೇಳಿದಾಗ ಒಪ್ಪಲಿಲ್ಲ. ಪ್ಯಾರಿಸಿನಲ್ಲಿಯೇ ನಿಧನನಾದನು.

ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ ಕೃತಿಯ ಒಂದು ಭಾಗವು ಆಧುನಿಕ ಗ್ರೀಕ್ ಭಾಷೆಯಲ್ಲಿ ವಿಯೆನ್ನಾದಿಂದ ಪ್ರಕಟವಾಯಿತು. ಅನುವಾದಕರಲ್ಲಿ ಒಬ್ಬನಾದ ರಿಗಾಸ್ ಫೆರಾಯೋಸ್ ಆಗ ಒಟ್ಟೋಮನ್ ಆಳ್ವಿಕೆಯಲ್ಲಿದ್ದ ಗ್ರೀಸಿನ ವಿಮೋಚನೆಗಾಗಿ ದುಡಿಯುತ್ತಿದ್ದನು. 1798ರಲ್ಲಿ ಅವನನ್ನು ಬೆಲ್‌ಗ್ರೇಡಿನಲ್ಲಿ ಕೊಲ್ಲಲಾಯಿತು.