ಐಸ್ ಹೌಸಿನ ಸುಬ್ಬಲಕ್ಷ್ಮಿ

ಸುಬ್ಬಲಕ್ಷ್ಮಿಯವರ ಮೇಲೆ ಒಂದು ಲೇಖನ ಕೊಡುತ್ತೇನೆ ಎಂದಾಗ ನಮ್ಮ ಸಂಘದ ಗೆಳೆಯರೆಲ್ಲ ಸುಪ್ರಭಾತ ನೆನೆಸಿಕೊಂಡರು. ನಾನು ಬರೆಯಹೊರಟಿರುವುದು ಹಾಡಿದ ಎಂ. ಎಸ್. ಅವರ ಬಗ್ಗೆ ಅಲ್ಲ. ಓದಿದ, ಓದಿಸಿದ ಆರ್. ಎಸ್. ಸುಬ್ಬಲಕ್ಷ್ಮಿಯವರ ಬಗ್ಗೆ. ಮದ್ರಾಸಿನ ಜನ ಅವರನ್ನು ಸಿಸ್ಟರ್ ಸುಬ್ಬಲಕ್ಷ್ಮಿ ಅಂತಲೇ ಕರೆಯುತ್ತಿದ್ದರು. ಲೆಕ್ಕಪತ್ರ ಓದುವವನಿಗೆ ಜೀವನಚರಿತ್ರೆಯ ಉಸಾಬರಿ ಯಾಕೆ ಅಂತ ಕೇಳಬಹುದು. ಕಾರಣ ಇದೆ.

ಹೋದ ಟರ್ಮಿನಲ್ಲಿ ನಮ್ಮ ಸಂಘದಲ್ಲಿ ಒಂದು ಚರ್ಚಾಸ್ಪರ್ಧೆ ನಡೆಯಿತು. ಮಗುವಿಗೆ ಎಲ್ಲಿ, ಹೇಗೆ ಓದಿಸಬೇಕು ಎಂಬುದು ತಂದೆತಾಯಿಯ ಹಕ್ಕೇ, ಬೇಕೆಂದರೆ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಬಹುದೇ ಎಂಬುದು ವಿಷಯ. ನಾನು ಹೌದು ಎನ್ನುವ ಪಕ್ಷ. ವಾದಕ್ಕೆ ಒಂದು ಗಟ್ಟಿ ಉದಾಹರಣೆ ಹುಡುಕುತ್ತಿದ್ದಾಗ ಸುಬ್ಬಲಕ್ಷ್ಮಿ ಸಿಕ್ಕರು. ಉದಾಹರಣೆ ಸಿಕ್ಕಿತು, ಆದರೆ ವಾದ ಕೈಬಿಟ್ಟಿತು. ಹೇಗೆ ಎಂಬುದನ್ನೇ ಇಲ್ಲಿ ಹೇಳುತ್ತೇನೆ.

ತ್ರಿಪ್ಲಿಕೇನಿನಲ್ಲಿ ರೂಮು ಮಾಡಿಕೊಂಡಿರುವ ನಮ್ಮಂಥವರಿಗೆ ಐಸ್ ಹೌಸ್ ಎಂದರೆ ಬಸ್ ಸ್ಟಾಪಿನ ಹೆಸರು. ಸಮುದ್ರದ ಎದುರಿಗೆ ದುಂಡಗೆ ನಿಂತಿರುವ ಆ ಕಟ್ಟಡವನ್ನು 1842ರಲ್ಲಿ ಕಟ್ಟಿದ್ದು ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆ ಇಡುವುದಕ್ಕೆ. ಆಮೇಲೆ ಅದು ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರ ಮನೆಯಾಯಿತು. (ಹೆಸರು ಕೇಳಿದರೆ ನಮ್ಮ ಕಡೆಯವರೇ ಇರಬೇಕು ಅನ್ನಿಸುತ್ತದೆ.) 1897ರಲ್ಲಿ ವಿವೇಕಾನಂದರು ಅಲ್ಲಿ ಉಳಿದಿದ್ದರು. ಈಗ ಬಾಗಿಲಲ್ಲಿ ಅವರ ಹೆಸರಿನ ಬೋರ್ಡು ಇದೆ. ಇವೆರಡರ ನಡುವೆ ಆ ದುಂಡು ಗೋಡೆಗಳ ಒಳಗೆ ಪುಟ್ಟ ಪುಟ್ಟ ವಿಧವೆಯರು ಸ್ಲೇಟು ಹಿಡಿದು ಕೂತಿದ್ದರು ಎಂಬುದು ನಿತ್ಯ ಆ ದಾರಿಯಲ್ಲೇ ಓಡಾಡುವ ನನಗೆ ಎರಡು ವರ್ಷ ಗೊತ್ತಿರಲಿಲ್ಲ.

ಸುಬ್ಬಲಕ್ಷ್ಮಿ ಹುಟ್ಟಿದ್ದು 1886ರ ಆಗಸ್ಟ್ 18ರಂದು. ತಂಜಾವೂರು ಸೀಮೆಯ ಬ್ರಾಹ್ಮಣ ಮನೆತನ. ತಂದೆ ಸುಬ್ರಮಣ್ಯ ಅಯ್ಯರ್ ಸರ್ಕಾರಿ ನೌಕರಿಯಲ್ಲಿದ್ದವರು, ತಾಯಿ ವಿಶಾಲಾಕ್ಷಿ. ಹುಡುಗಿ ಚುರುಕು. 9ನೆಯ ವಯಸ್ಸಿನಲ್ಲಿ ನಾಲ್ಕನೇ ತರಗತಿಯ ಪಬ್ಲಿಕ್ ಪರೀಕ್ಷೆ ಕಟ್ಟಿ ಇಡೀ ಚೆಂಗಲ್ಪಟ್ಟು ಜಿಲ್ಲೆಗೆ ಮೊದಲನೆಯವಳಾಗಿ ಪಾಸಾದಳು. ಇಷ್ಟಾದರೂ 11ನೇ ವಯಸ್ಸಿಗೆ ಮದುವೆ ಮಾಡಿದರು. ಸ್ವಲ್ಪ ಕಾಲದಲ್ಲೇ ಗಂಡ ತೀರಿಕೊಂಡ. ಗಂಡನ ಮನೆ ಎಂದರೇನು ಎಂದು ತಿಳಿಯುವ ಮೊದಲೇ ಹುಡುಗಿ ವಿಧವೆಯಾದಳು.

ಆ ಕಾಲದಲ್ಲಿ ಮುಂದೇನು ಎಂಬುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಸಂಗತಿ. ತಲೆ ಬೋಳಿಸಿ, ಸೀರೆ ಉಡಿಸಿ, ಒಳಕೋಣೆಯಲ್ಲಿ ಕೂರಿಸುವುದು. ಸುಬ್ರಮಣ್ಯ ಅಯ್ಯರ್ ಇದಕ್ಕೆ ಒಪ್ಪಲಿಲ್ಲ. ಮಗಳ ತಲೆಗೂದಲು ಮುಟ್ಟಗೊಡಲಿಲ್ಲ. ಮಗಳನ್ನು ಎದುರಿಗೆ ಕೂರಿಸಿಕೊಂಡು ಮನೆಯಲ್ಲೇ ತಾವೇ ಇಂಗ್ಲಿಷು ಹೇಳಿಕೊಡತೊಡಗಿದರು. ನೆಂಟರಿಷ್ಟರು ಬೈದರು, ದೂರವಾದರು. ಅವರ ಚಿತ್ತಿ, ಅಂದರೆ ಚಿಕ್ಕಮ್ಮ, ವಾಲಂಬಾಳ್ ಕೂಡ ಬಾಲವಿಧವೆಯೇ. ಹುಡುಗಿಯ ಬೆನ್ನಿಗೆ ನಿಂತವರಲ್ಲಿ ಆಕೆಯೂ ಒಬ್ಬರು.

ನಮ್ಮ ನಂಜನಗೂಡಿನ ತಿರುಮಲಾಂಬ ಅವರ ನೆನಪು ಇಲ್ಲಿ ಬಂದೇ ಬರುತ್ತದೆ. ಅವರು ಹುಟ್ಟಿದ್ದು 1887ರಲ್ಲಿ, ಸುಬ್ಬಲಕ್ಷ್ಮಿಗಿಂತ ಒಂದು ವರ್ಷ ಚಿಕ್ಕವರು. ಅವರೂ ಬಾಲವಿಧವೆ, ಅವರಿಗೂ ಓದು ಸಿಕ್ಕಿದ್ದು ಮನೆಯಲ್ಲಿ, ವಕೀಲರಾಗಿದ್ದ ತಂದೆಯ ಆಸರೆಯಲ್ಲಿ. ಆ ಓದಿನಿಂದ ಸತೀಹಿತೈಷಿಣಿ ಗ್ರಂಥಮಾಲೆ ಬಂತು, ಕರ್ನಾಟಕ ನಂದಿನಿ ಪತ್ರಿಕೆ ಬಂತು. ಒಬ್ಬರು ಕಾವೇರಿಯ ಕೆಳಗಿನ ಸೀಮೆ, ಇನ್ನೊಬ್ಬರು ಕಪಿಲೆಯ ದಡ. ಇಬ್ಬರ ಕತೆಯೂ ಒಂದೇ ಅಚ್ಚು.

ಮನೆಯ ಪಾಠ ಒಂದು ಹಂತಕ್ಕೆ ಬಂದ ಮೇಲೆ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟಿಗೆ ಸೇರಿಸಿದರು. ಸಂಸಾರವಿಲ್ಲದೆ ಪಾಠ ಹೇಳುವುದನ್ನೇ ಬದುಕು ಮಾಡಿಕೊಂಡ ಆ ಹೆಂಗಸರನ್ನು ನೋಡಿ ಹುಡುಗಿಗೆ ಒಂದು ದಾರಿ ಕಂಡಿರಬೇಕು. ಮತ ಬದಲಿಸಲಿಲ್ಲ, ಬಾಳುವ ರೀತಿ ಮಾತ್ರ ತೆಗೆದುಕೊಂಡರು. ಸಿಸ್ಟರ್ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಆಮೇಲೆ ನಮ್ಮ ತ್ರಿಪ್ಲಿಕೇನಿನ ಮಗ್ಗುಲಲ್ಲೇ ಇರುವ ಪ್ರೆಸಿಡೆನ್ಸಿ ಕಾಲೇಜು. ಗಂಡುಹುಡುಗರ ನಡುವೆ ಒಬ್ಬ ವಿಧವೆ ಹೆಣ್ಣುಮಗಳು! 1911ರಲ್ಲಿ ಬಿ.ಎ. ಪಾಸಾದರು. ಮದ್ರಾಸ್ ಪ್ರಾಂತ್ಯದಲ್ಲಿ ಪದವಿ ಪಡೆದ ಮೊದಲ ಹಿಂದೂ ಮಹಿಳೆ ಎಂದು ಅವರ ಹೆಸರು ನಿಂತಿತು.

ಇಲ್ಲಿಯವರೆಗೆ ನನ್ನ ವಾದಕ್ಕೆ ಭಂಗವಿಲ್ಲ. ಊರೆಲ್ಲ ಬೇಡ ಎಂದರೂ ತಂದೆ ತನ್ನ ಹಕ್ಕು ಚಲಾಯಿಸಿದ, ಮಗಳು ಗೆದ್ದಳು. ಆದರೆ ಸ್ಪರ್ಧೆಯ ಹಿಂದಿನ ರಾತ್ರಿ ಟಿಪ್ಪಣಿ ಬರೆಯುತ್ತಾ ಕೂತಾಗ ಪೆನ್ನು ನಿಂತಿತು. 11ನೇ ವಯಸ್ಸಿಗೆ ಮದುವೆ ಮಾಡಿದ್ದು ಯಾರು? ಅದೇ ತಂದೆ. ಯಾವ ಹಕ್ಕಿನಿಂದ? ಅದೇ ಹಕ್ಕಿನಿಂದ. ಜಮಾ ಕಡೆ ಬರೆದ ಬಾಬತ್ತೇ ಖರ್ಚಿನ ಕಡೆಯೂ ಕೂತಿದ್ದರೆ ನಾನು ಯಾವ ಶಿಲ್ಕು ತೋರಿಸಲಿ?

ಇದು ಸುಬ್ಬಲಕ್ಷ್ಮಿಯವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು ಅನ್ನಿಸುತ್ತದೆ. ತಮ್ಮ ಅಪ್ಪನಂಥ ಅಪ್ಪ ಎಲ್ಲರಿಗೂ ಸಿಗುವುದಿಲ್ಲ. 1912ರಲ್ಲಿ ಎಗ್ಮೋರಿನಲ್ಲಿ ನಾಲ್ಕೇ ನಾಲ್ಕು ಬಾಲವಿಧವೆಯರನ್ನು ಇಟ್ಟುಕೊಂಡು ಶುರುಮಾಡಿದರು. ಅದೇ ವರ್ಷ ಶಾರದಾ ಮಹಿಳಾ ಸಂಘ ಕಟ್ಟಿದರು. ಶಾಲಾ ಇನ್‌ಸ್ಪೆಕ್ಟ್ರೆಸ್ ಆಗಿದ್ದ ಮಿಸ್ ಲಿಂಚ್ ಸರ್ಕಾರದ ಕಡೆಯಿಂದ ಬೆಂಬಲ ಕೊಟ್ಟರು. ಹುಡುಗಿಯರು ಹೆಚ್ಚಿದಂತೆ ಮನೆ ಸಾಲದೆ ಹೋಗಿ ಕೊನೆಗೆ ಬಂದದ್ದು ಐಸ್ ಹೌಸಿಗೆ. 1917ರಲ್ಲಿ ಸರ್ಕಾರ ಆ ಕಟ್ಟಡವನ್ನು ಕೊಂಡಿತು. ಮನೆಯಲ್ಲಿ ಓದಲು ಬಿಡದವರ ಮಕ್ಕಳಿಗೆ ಅದೇ ಮನೆ, ಅದೇ ಶಾಲೆ.

ಅಲ್ಲಿ ಬ್ರಾಹ್ಮಣರಿಗೆ ಮಾತ್ರ ಪ್ರವೇಶ. ಅಡುಗೆ, ಮಡಿ, ವ್ರತ ಎಲ್ಲ ಮನೆಯಂತೆಯೇ. ಇದನ್ನು ಓದಿದಾಗ ನನಗೆ ಕಸಿವಿಸಿಯಾಯಿತು, ಸುಳ್ಳು ಹೇಳಲಾರೆ. ಬೇರೆ ಜಾತಿಯ ವಿಧವೆಯರು ಎಲ್ಲಿಗೆ ಹೋಗಬೇಕಿತ್ತು? ಆದರೆ ಮಡಿ ಬಿಟ್ಟಿದ್ದರೆ ಒಬ್ಬ ತಂದೆಯೂ ಮಗಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಹಕ್ಕು ತಂದೆಯ ಕೈಯಲ್ಲಿತ್ತು, ಹುಡುಗಿಯನ್ನು ಹೊರಗೆ ತರಬೇಕಾದರೆ ಅವನನ್ನೇ ಒಲಿಸಬೇಕಿತ್ತು. ಕೊಟ್ಟ ಬೆಲೆ ದುಬಾರಿ ಎಂದೇ ನನ್ನ ಅಭಿಪ್ರಾಯ.

ಮುಂದಿನದನ್ನು ಬೇಗ ಹೇಳುತ್ತೇನೆ. 1922ರಲ್ಲಿ ತ್ರಿಪ್ಲಿಕೇನಿನಲ್ಲೇ ಲೇಡಿ ವಿಲಿಂಗ್ಡನ್ ಟ್ರೈನಿಂಗ್ ಕಾಲೇಜು ಆರಂಭವಾದಾಗ ಇವರೇ ಪ್ರಿನ್ಸಿಪಾಲರು. ಹದಿನೆಂಟು ದಾಟಿದ ವಿಧವೆಯರಿಗೆ ಐಸ್ ಹೌಸಿನಲ್ಲಿ ಜಾಗವಿಲ್ಲದ್ದರಿಂದ 1927ರಲ್ಲಿ ಶಾರದಾ ವಿದ್ಯಾಲಯ ತೆರೆದರು. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸ್ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, 1958ರಲ್ಲಿ ಪದ್ಮಶ್ರೀ ಬಂತು. 1969ರ ಡಿಸೆಂಬರ್ 20ರಂದು, ವೈಕುಂಠ ಏಕಾದಶಿಯ ದಿನ, ತೀರಿಕೊಂಡರು.

ತಂದೆಯ ಹಕ್ಕಿಗೆ ಕಾನೂನು ಬೇಲಿ ಹಾಕಿದ್ದೂ ಅವರ ಕಣ್ಣೆದುರೇ. 14ರ ಒಳಗಿನ ಹೆಣ್ಣುಮಕ್ಕಳಿಗೆ ಮದುವೆ ಮಾಡಬಾರದೆಂಬ ಶಾರದಾ ಕಾಯಿದೆ ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಎಂದ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರಲ್ಲಿ ಹಕ್ಕು ಇರುವುದು ಮಗುವಿಗೆ, ತಂದೆತಾಯಿಗೆ ಇರುವುದು ಸೇರಿಸುವ ಕರ್ತವ್ಯ. ಎರಡಕ್ಕೂ ಏಪ್ರಿಲ್ 1, ನಮ್ಮ ಕಾಮರ್ಸಿನವರ ಹೊಸ ವರ್ಷ. ಎರಡೂ 14ಕ್ಕೇ ನಿಲ್ಲುತ್ತಿದ್ದವು.

ನಮ್ಮ ಅಕ್ಕ ಎಸೆಸೆಲ್ಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಆಗ ಅವಳಿಗೆ 15 ದಾಟಿತ್ತು. ಸಾಕು ಎಂದದ್ದು ಅಪ್ಪ. ನನ್ನನ್ನು ಸಾಲ ಮಾಡಿ ಇಷ್ಟು ದೂರ ಓದಲು ಕಳಿಸಿದ್ದೂ ಅಪ್ಪನೇ. ಚರ್ಚಾಸ್ಪರ್ಧೆಯಲ್ಲಿ ನಾನು ಎರಡು ನಿಮಿಷ ತಡವರಿಸಿ ಕೂತುಬಿಟ್ಟೆ, ಬಹುಮಾನ ಎದುರು ಪಕ್ಷಕ್ಕೆ ಹೋಯಿತು.

ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕನಿಗೆ ಈ ಕತೆಯನ್ನೆಲ್ಲ ಹೇಳಿದೆ. ಮಗಳಿಗೆ ಜಡೆ ಹಾಕುತ್ತಾ ಕೇಳಿದಳು. ಬಿ.ಎ. ಆದಾಗ ಅವರಿಗೆ ಎಷ್ಟು ವಯಸ್ಸು ಎಂದು ವಿಚಾರಿಸಿದಳು. 24 ಅಂದೆ. ಅಕ್ಕನಿಗೆ ಈಗ 26. ಮನೆಯಲ್ಲೇ ಓದಿಕೊಂಡು ಖಾಸಗಿಯಾಗಿ ಪಿಯುಸಿ ಕಟ್ಟಲು ಏನೇನು ಕಾಗದ ಬೇಕು ವಿಚಾರಿಸು ಅಂದಿದ್ದಾಳೆ. ವಿಚಾರಿಸುತ್ತಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.